ಮರಳುಗಾಡಿಗೆ ಮುನ್ನ ಮಾಡಿದ ಮುಯ್ಯಿ

ಸೋಮವಾರಪೇಟೆಯಿಂದ ಶಾಂತಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಆರು ಎಕರೆ ಕಾಫಿ ತೋಟವಿದೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡದ, ಒಗೆದ ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವ ಊರು ಇದು. ಇಂಥ ಊರಿನಿಂದ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಮೊರಾಕ್ಕೊ ದೇಶದ ಸಹಾರಾ ಮರುಭೂಮಿಯಲ್ಲಿ ನಡೆಯುವ ‘ಮ್ಯಾರಥಾನ್ ದೆ ಸಾಬ್ಲ್’ ಎಂಬ ಹಲವು ದಿನಗಳ ಓಟಕ್ಕೆ ನಾನು ಹೋಗಿಬಂದೆ. ಓಡಿದ್ದಕ್ಕಿಂತ ನಡೆದದ್ದೇ ಹೆಚ್ಚು, ಆದರೂ ಕೊನೆಯ ಗೆರೆಯನ್ನು ದಾಟಿದೆ. ಬಂದ ಮೇಲೆ ಸಿಕ್ಕವರೆಲ್ಲರೂ ಎಷ್ಟು ಕಿಲೋಮೀಟರು, ಎಷ್ಟು ಬಿಸಿಲು, ಕಾಲಿಗೆ ಏನಾಯಿತು ಎಂದು ಕೇಳಿದರು. ಅದಕ್ಕೂ ಹಿಂದಿನ ಹದಿನಾಲ್ಕು ತಿಂಗಳು ಮನೆಯಲ್ಲಿ, ಊರಿನಲ್ಲಿ ಮತ್ತು ನನ್ನ ತಲೆಯೊಳಗೆ ಏನೇನು ನಡೆಯಿತು ಎಂದು ಕೇಳಿದವರು ಕಡಿಮೆ. ನನಗೆ ಕಷ್ಟವಾದದ್ದು ಆ ಭಾಗವೇ ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.

ಓಟದ ಸ್ವರೂಪವನ್ನು ಮೊದಲು ಹೇಳಬೇಕು. ಪ್ಯಾಟ್ರಿಕ್ ಬಾವರ್ ಎಂಬ ಫ್ರಾನ್ಸ್ ದೇಶದವರು 1984ರಲ್ಲಿ ಆಲ್ಜೀರಿಯಾದ ಮರುಭೂಮಿಯಲ್ಲಿ ಸುಮಾರು 350 ಕಿಲೋಮೀಟರು ಒಬ್ಬರೇ ನಡೆದಿದ್ದರು. ಆ ಅನುಭವದಿಂದ 1986ರಲ್ಲಿ ಅವರು ಆರಂಭಿಸಿದ ಈ ಓಟಕ್ಕೆ ಮೊದಲ ವರ್ಷ ಬಂದವರು ಇಪ್ಪತ್ತಮೂರು ಜನ. ಈಗ ಪ್ರಪಂಚದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಒಟ್ಟು ದೂರ ಸುಮಾರು 250 ಕಿಲೋಮೀಟರು. ಅದರಲ್ಲಿ ಒಂದು ಹಂತವೇ 80 ಕಿಲೋಮೀಟರಿನ ಆಸುಪಾಸಿನದು, ಅದನ್ನು ಮುಗಿಸುವಷ್ಟರಲ್ಲಿ ನನ್ನಂಥವರಿಗೆ ರಾತ್ರಿಯೂ ಕಳೆದಿರುತ್ತದೆ. ನೀರು ಮತ್ತು ಮಲಗಲು ಡೇರೆ ಮಾತ್ರ ಸಂಘಟಕರದು. ಅಷ್ಟೂ ದಿನದ ಆಹಾರ, ಹಾಸಿಗೆ, ದಿಕ್ಸೂಚಿ, ಸೀಟಿ, ಕನ್ನಡಿ, ಚಾಕು, ತಲೆದೀಪ, ಔಷಧಿ ಎಲ್ಲವನ್ನೂ ಬೆನ್ನ ಮೇಲೆ ಹೊರಬೇಕು. ನೀರನ್ನು ಬಿಟ್ಟು ಗಂಟಿನ ತೂಕ 6.5 ಕಿಲೋಗಿಂತ ಕಡಿಮೆ ಇರಬಾರದು, 15 ಕಿಲೋ ಮೀರಬಾರದು. ಯಾರೂ ಯಾರ ಗಂಟನ್ನೂ ಹೊರುವ ಹಾಗಿಲ್ಲ. ಈ ಕೊನೆಯ ಮಾತನ್ನು ಓದಿದಾಗ ನನಗೆ ಬಹಳ ಹಿತವೆನಿಸಿತ್ತು. ಯಾರ ಹಂಗೂ ಇಲ್ಲದೆ ಮಾಡಬಹುದಾದ ಕೆಲಸವೊಂದು ಸಿಕ್ಕಿತು ಎಂದು ಭಾವಿಸಿದ್ದೆ.

ಆ ಭಾವನೆಯೇ ನನ್ನ ಮೊದಲ ತಪ್ಪಿಗೆ ಕಾರಣವಾಯಿತು. ಪತಿಯವರೊಂದಿಗೆ ಮಾತ್ರ ಮಾತನಾಡಿ, ಕಾಫಿ ಮಾರಿದ ಹಣದಲ್ಲಿ ನನ್ನ ಪಾಲಿನಿಂದ ಮೊದಲ ಕಂತನ್ನು ಕಟ್ಟಿ, ಹೆಸರು ನೋಂದಾಯಿಸಿದ ಮೇಲೆ ಉಳಿದವರಿಗೆ ತಿಳಿಸಿದೆ. ಅತ್ತೆಗೆ ಊಟದ ಹೊತ್ತಿನಲ್ಲಿ ಹೇಳಿದೆ. ಅವರು ಮಜ್ಜಿಗೆ ಬಡಿಸಿ ಎದ್ದು ಹೋದರು. ಪಕ್ಕದ ತೋಟದ ಅಕ್ಕನಿಗೆ ಹೇಳಲೇ ಇಲ್ಲ, ಅವರಿಗೆ ಬೇರೆಯವರ ಬಾಯಿಂದ ಸುದ್ದಿ ಮುಟ್ಟಿತು. ಇಪ್ಪತ್ತು ವರ್ಷಗಳಿಂದ ಎರಡೂ ಮನೆಯ ನಡುವೆ ಬೇಲಿಯಲ್ಲಿ ಒಂದು ದಾರಿ ಬಿಟ್ಟುಕೊಂಡು ಬದುಕಿದವರು ನಾವು. ಅವರು ಎರಡು ತಿಂಗಳು ಆ ದಾರಿಯಲ್ಲಿ ಬರಲಿಲ್ಲ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಬ್ಬರು, ಇಷ್ಟೊಂದು ದುಡ್ಡು ಕೊಟ್ಟು ಬಿಸಿಲಿನಲ್ಲಿ ನಡೆಯುವುದಕ್ಕೆ ಅಷ್ಟು ದೂರ ಏಕೆ ಹೋಗಬೇಕು ಎಂದು ಕೇಳಿದಾಗ ನಾನು ಸಿಡುಕಿನಿಂದ ಉತ್ತರಿಸಿದೆ. ಆಗೆಲ್ಲ ಬೆಳಿಗ್ಗೆ ಐದಕ್ಕೆ ಎದ್ದು ಓಡಲು ಹೊರಟರೆ ಕಾಲಿಗಿಂತ ಮೊದಲು ಮನಸ್ಸು ಸೋಲುತ್ತಿತ್ತು. ಓಡುವಾಗಲೆಲ್ಲ ನನ್ನೊಳಗೆ ಯಾರೊಂದಿಗಾದರೂ ವಾದ ನಡೆಯುತ್ತಲೇ ಇರುತ್ತಿತ್ತು. ಮನೆಗೆ ಬಂದಾಗ ಹತ್ತು ಕಿಲೋಮೀಟರಿಗೆ ಇಪ್ಪತ್ತರ ದಣಿವಾಗಿರುತ್ತಿತ್ತು.

ಒಂದು ಸಂಜೆ ಪತಿಯವರು ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಮೇಜಿನ ಮೇಲೆ ಹರಡಿದರು. ಓಟ ಏಪ್ರಿಲ್‌ನಲ್ಲಿ. ನಮ್ಮ ಮೇಲಿನ ಭಾಗದಲ್ಲಿ ಕರಿಮೆಣಸು ಕೊಯ್ದು ಕಣದಲ್ಲಿ ಹರಡುವ ಕಾಲ ಅದೇ. ಕಾಫಿಯ ಹೂ ಅರಳಿಸುವ ಹೂಮಳೆ ಸರಿಯಾಗಿ ಬಾರದಿದ್ದರೆ ಕೆರೆಯಿಂದ ಮೋಟರ್ ಹಾಕಿ ಸ್ಪ್ರಿಂಕ್ಲರ್ ಓಡಿಸಬೇಕು, ಹೂ ಅರಳಿದ ಮೂರು ವಾರದೊಳಗೆ ಮತ್ತೊಮ್ಮೆ ನೀರು ಕೊಡಬೇಕು. ಅದಕ್ಕೂ ಮೊದಲು ಮಾರ್ಚ್‌ನಲ್ಲಿ ಮಗಳ ದ್ವಿತೀಯ ಪಿಯುಸಿ ಪರೀಕ್ಷೆ. ‘ನೀನು ಅಲ್ಲಿ ಹೊರುವ ಗಂಟನ್ನು ನೀನೇ ಹೊರುತ್ತೀಯ, ಸರಿ. ಇಲ್ಲಿ ಬಿಟ್ಟು ಹೋಗುವ ಗಂಟನ್ನು ಯಾರು ಹೊರಬೇಕು ಎಂದು ಯೋಚಿಸಿದ್ದೀಯಾ?’ ಎಂದು ಅವರು ಕೇಳಿದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ, ಲೆಕ್ಕವಿತ್ತು. ನಾನು ಯೋಚಿಸಿರಲಿಲ್ಲ.

ಮಲೆನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿ ಹಿಂದಿನಿಂದಲೂ ಇದೆ. ಇವತ್ತು ನಿಮ್ಮ ಗದ್ದೆಯಲ್ಲಿ ನಾನು ನಾಟಿಗೆ ನಿಂತರೆ ನಾಳೆ ನನ್ನ ಗದ್ದೆಗೆ ನೀವು ಬರುತ್ತೀರಿ. ಕೂಲಿಯ ಮಾತಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ಗದ್ದೆಗಳು ಕಡಿಮೆಯಾದ ಮೇಲೆ ನಮ್ಮ ಕಡೆ ಅದೂ ಕಡಿಮೆಯಾಗಿದೆ. ನಾನು ಬೇಲಿಯ ದಾರಿಯಲ್ಲಿ ಅಕ್ಕನ ಮನೆಗೆ ಹೋಗಿ, ಹೇಳದೆ ಇದ್ದದ್ದು ತಪ್ಪಾಯಿತು ಎಂದು ಮೊದಲು ಒಪ್ಪಿಕೊಂಡೆ. ಆಮೇಲೆ, ‘ಅಕ್ಕಾ, ಏಪ್ರಿಲ್‌ನಲ್ಲಿ ಹದಿನೈದು ದಿನ ನಾನಿರುವುದಿಲ್ಲ. ಈ ಸಲ ನಿಮ್ಮ ಕಾಫಿ ಕುಯ್ಲಿಗೆ ಜನವರಿಯಲ್ಲಿ ನಾನು ಬರುತ್ತೇನೆ. ಏಪ್ರಿಲ್‌ನಲ್ಲಿ ನಮ್ಮ ಮೆಣಸಿನ ಕಣವನ್ನು ನೀವು ನೋಡಿಕೊಳ್ಳುತ್ತೀರಾ?’ ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, ‘ನೀನು ಕೇಳಿದೆಯಲ್ಲ, ಅಷ್ಟು ಸಾಕು. ಕುಯ್ಲಿಗೆ ಬರದಿದ್ದರೂ ನಡೆಯುತ್ತದೆ’ ಎಂದರು. ನಾನು ಹೋದೆ. ಜನವರಿಯಲ್ಲಿ ಹದಿನೆಂಟು ದಿನ ಅವರ ರೋಬಸ್ಟಾ ಗಿಡಗಳ ನಡುವೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕುಯ್ದೆ, ಸಂಜೆ ತುಂಬಿದ ಚೀಲವನ್ನು ಏರಿನಲ್ಲಿ ಹೊತ್ತು ಕಣಕ್ಕೆ ಮುಟ್ಟಿಸಿದೆ. ಬೆನ್ನಿಗೆ ಭಾರ ಕಟ್ಟಿಕೊಂಡು ನಡೆಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಶಾಲೆ ನನಗೆ ಸಿಗುತ್ತಿರಲಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಓಡುವಾಗ ತಲೆಯೊಳಗೆ ನಡೆಯುತ್ತಿದ್ದ ವಾದಗಳು ಆ ತಿಂಗಳಲ್ಲಿ ಒಂದೊಂದಾಗಿ ನಿಂತುಹೋದವು.

ಅತ್ತೆಯವರ ವಿಷಯ ಇಷ್ಟು ಸುಲಭವಿರಲಿಲ್ಲ. ಒಂದು ಡೇರೆಯಲ್ಲಿ ಎಂಟು ಜನ ಮಲಗುತ್ತಾರೆ, ಗಂಡಸರು ಹೆಂಗಸರು ಎಂಬ ಭೇದವಿಲ್ಲ ಎಂಬುದನ್ನು ಅವರು ಮೊಮ್ಮಗಳಿಂದ ತಿಳಿದುಕೊಂಡಿದ್ದರು. ನಾನು ಮುಚ್ಚಿಡಲಿಲ್ಲ. ಮೇಲೆ ಕಂಬಳಿಯಂಥ ಕಪ್ಪು ಬಟ್ಟೆ, ಬದಿಗಳು ತೆರೆದಿರುತ್ತವೆ, ಎಲ್ಲರೂ ದಣಿದು ತಮ್ಮ ತಮ್ಮ ಚೀಲದೊಳಗೆ ಮಲಗುತ್ತಾರೆ, ಸ್ನಾನವಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಟ್ಟಿನ ದಿನಗಳು ಅಲ್ಲಿಯೇ ಬಂದರೆ ಏನು ಮಾಡುವೆ ಎಂದು ಅವರು ಕೇಳಿದರು. ಅದಕ್ಕೂ ನನ್ನ ಬಳಿ ಉತ್ತರವಿತ್ತು, ಅದನ್ನೂ ಹೇಳಿದೆ. ಅಂಥ ಮಾತುಗಳನ್ನು ನಾವಿಬ್ಬರೂ ಮದುವೆಯಾದಾಗಿನಿಂದ ಆಡಿರಲಿಲ್ಲ. ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಬೆನ್ನು ತಿರುಗಿಸಿ ಕೂರುವುದನ್ನು ಬಿಟ್ಟರು.

ಅವರು ನಿಜವಾಗಿ ನನ್ನ ಕಡೆಗೆ ಬಂದದ್ದು ಬಚ್ಚಲುಮನೆಯಲ್ಲಿ. ದೇಹವನ್ನು ಬಿಸಿಲಿಗೆ ಒಗ್ಗಿಸಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕಾಗುತ್ತದೆ. ಆ ಅವಧಿಯಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಬರಲು ಆರಂಭವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಬಿಸಿಲು ತಪ್ಪಿ ಕೆಲವು ವಾರ ಕಳೆದರೆ ಈ ಲಾಭ ಕರಗಿಹೋಗುವುದರಿಂದ ಇದನ್ನು ಹೊರಡುವ ಮುಂಚಿನ ದಿನಗಳಲ್ಲೇ ಮಾಡಿಕೊಳ್ಳಬೇಕು. ಬಿಸಿಯಾದ ಕೋಣೆಯಲ್ಲಿ ಯಂತ್ರದ ಮೇಲೆ ಓಡುವ ಅನುಕೂಲವಿಲ್ಲದವರು ವ್ಯಾಯಾಮ ಮುಗಿದ ಕೂಡಲೇ ಸುಮಾರು 40 ಡಿಗ್ರಿ ಬಿಸಿಯ ನೀರಿನಲ್ಲಿ ಕತ್ತಿನವರೆಗೆ ಮುಳುಗಿ ಕುಳಿತರೂ ಇದೇ ಪರಿಣಾಮ ದೊರೆಯುತ್ತದೆ. ನಮ್ಮ ಬಚ್ಚಲಿನಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಕಾಫಿ ಗಿಡದ ಒಣ ಸೌದೆಯ ಉರಿ ಇದ್ದೇ ಇದೆ. ನೀರು ತುಂಬುವ ನೀಲಿ ಡ್ರಮ್ಮೊಂದನ್ನು ಉದ್ದಕ್ಕೆ ಕತ್ತರಿಸಿ ತೊಟ್ಟಿ ಮಾಡಿಸಿದೆವು. ಮೊದಲ ದಿನ ನಾನು ಥರ್ಮಾಮೀಟರು ಹಿಡಿದು ಬಿಸಿನೀರು ತಣ್ಣೀರು ಬೆರೆಸುತ್ತ ಒದ್ದಾಡುವುದನ್ನು ನೋಡಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ಊರಿನ ಎಷ್ಟೋ ಬಾಣಂತಿಯರಿಗೆ ನೀರು ಹಾಕಿದ ಕೈ ಅದು. ಮೊಣಕೈಯನ್ನು ಅದ್ದಿ, ‘ಇನ್ನೆರಡು ಚೊಂಬು ಬಿಸಿ ಹಾಕು’ ಎಂದರು. ಹಾಕಿ ನೋಡಿದರೆ ಥರ್ಮಾಮೀಟರು 40ಕ್ಕೆ ಬಂದು ನಿಂತಿತ್ತು.

ಅಲ್ಲಿಂದ ಮುಂದೆ ಆ ಕೆಲಸ ಅವರದಾಯಿತು. ಬಿಸಿನೀರಿನಲ್ಲಿ ಕೂತವರಿಗೆ ತಲೆ ಸುತ್ತುವ ಅಪಾಯವಿರುವುದರಿಂದ ಒಬ್ಬರೇ ಇರಬಾರದು. ಅತ್ತೆ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತು ಐದು ನಿಮಿಷಕ್ಕೊಮ್ಮೆ ನನ್ನನ್ನು ಕರೆಯುತ್ತಿದ್ದರು. ನಾನು ಓಗೊಡದಿದ್ದರೆ ಬಾಗಿಲು ತಳ್ಳಿ ಒಳಗೆ ಬರಬೇಕೆಂದು ನಮ್ಮಲ್ಲಿ ಒಪ್ಪಂದವಾಗಿತ್ತು. ಮೊದಲ ದಿನ ಹದಿನೈದು ನಿಮಿಷಕ್ಕೆ ಎದ್ದುಬಿಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ, ಈಗಲೇ ಎದ್ದು ಓಡಬೇಕೆಂಬ ಗಾಬರಿ. ಆರನೆಯ ದಿನ ನಲವತ್ತು ನಿಮಿಷ ಕೂತೆ. ದೇಹ ಎಷ್ಟು ಒಗ್ಗಿತೋ ಅಳೆದು ನೋಡಿಲ್ಲ. ಗಾಬರಿ ಎನ್ನುವುದು ಬಂದು, ಸ್ವಲ್ಪ ಹೊತ್ತು ಇದ್ದು, ತಾನಾಗಿ ಹೋಗುತ್ತದೆ ಎಂಬುದನ್ನು ನನ್ನ ಮನಸ್ಸು ಕಲಿತದ್ದು ಆ ತೊಟ್ಟಿಯಲ್ಲಿ. ಹೊರಗಿನಿಂದ ಒಂದು ಧ್ವನಿ ಕರೆಯುತ್ತಿದ್ದರೆ ಅದು ಬೇಗ ಹೋಗುತ್ತದೆ ಎಂಬುದನ್ನೂ ಕಲಿತೆ.

ಪತಿಯವರು ಮೇಲೆ ಶಾಂತವಾಗಿದ್ದರೂ ಒಳಗೆ ಹೆದರಿದ್ದರು. 1994ರ ಓಟದಲ್ಲಿ ಮಾವ್ರೊ ಪ್ರೊಸ್ಪೆರಿ ಎಂಬ ಇಟಲಿಯ ಓಟಗಾರ ಮರಳಿನ ಬಿರುಗಾಳಿಯಲ್ಲಿ ದಾರಿ ತಪ್ಪಿ, ಹತ್ತು ದಿನಗಳ ಹತ್ತಿರ ಅಲೆದು, ಕೊನೆಗೆ ಗಡಿಯಾಚೆ ಆಲ್ಜೀರಿಯಾದಲ್ಲಿ ಬದುಕಿ ಸಿಕ್ಕ ಸಂಗತಿಯನ್ನು ಅವರು ರಾತ್ರಿ ಮೊಬೈಲಿನಲ್ಲಿ ಓದಿದ್ದರಂತೆ. ನಾಲ್ಕು ದಿನ ಅದನ್ನು ನನಗೆ ಹೇಳದೆ ಇಟ್ಟುಕೊಂಡಿದ್ದರು. ಈಗ ಓಟಗಾರರ ಬಳಿ ಅವರು ಇರುವ ಸ್ಥಳವನ್ನು ತೋರಿಸುವ ಉಪಕರಣವಿರುತ್ತದೆ, ಕಷ್ಟಬಿದ್ದಾಗ ಒತ್ತಲು ಅದರಲ್ಲಿ ಗುಂಡಿ ಇರುತ್ತದೆ ಎಂದು ನಾನು ವಿವರಿಸಿದೆ. ಬಿರುಗಾಳಿ ಎದ್ದರೆ ನಿಂತ ಜಾಗದಲ್ಲೇ ನಿಲ್ಲಬೇಕೆಂಬ ನಿಯಮವನ್ನು ಹೇಳಿದಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಯಿತು. ಪುಷ್ಪಗಿರಿಯ ದಾರಿಯಲ್ಲಿ ಮಂಜು ಮುಚ್ಚಿದಾಗ ಅವರ ತಂದೆ ಹೇಳುತ್ತಿದ್ದದ್ದೂ ಅದನ್ನೇ. ಕೈ ಚಾಚಿದರೆ ಬೆರಳು ಕಾಣದ ಆ ಮಂಜಿನಲ್ಲಿ ನಡೆದವರು ಕಮರಿಗೆ ಬೀಳುತ್ತಾರೆ, ಕೂತವರು ಮನೆಗೆ ಬರುತ್ತಾರೆ.

ಆ ರಾತ್ರಿ ನಾವು ಒಂದು ನೋಟ್‌ಬುಕ್ ತೆರೆದೆವು. ಮೊದಲ ಪುಟಗಳಲ್ಲಿ ಬ್ಯಾಂಕಿನ ಖಾತೆ, ವಿಮೆ, ತೋಟದ ಸಾಲ, ಮಗಳ ಕಾಲೇಜಿನ ಶುಲ್ಕ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬ ವಿವರ. ಅದನ್ನು ಬರೆಯುವಾಗ ಕೈ ಭಾರವಾಗಿತ್ತು, ಬರೆದು ಮುಗಿಸಿದ ಮೇಲೆ ಎದೆ ಹಗುರವಾಯಿತು. ಕೊನೆಯ ಪುಟದಲ್ಲಿ ಓಟ ನಿಲ್ಲಿಸಲೇಬೇಕಾದ ಸಂದರ್ಭಗಳನ್ನು ಇಬ್ಬರೂ ಕೂತು ಬರೆದೆವು. ಮೂತ್ರ ಬಹಳ ಹೊತ್ತು ಬಾರದಿದ್ದರೆ, ಮಾತು ತೊದಲಿದರೆ, ಬೆವರು ನಿಂತು ಮೈ ಸುಡುತ್ತಿದ್ದರೆ, ಬರೀ ನೀರನ್ನು ಕುಡಿದೂ ಕುಡಿದೂ ಕೈಬೆರಳು ಊದಿಕೊಂಡು ವಾಕರಿಕೆ ಬಂದರೆ. ಉಪ್ಪಿಲ್ಲದೆ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೆ ಅಪಾಯವಾಗಬಹುದೆಂಬುದು ಬಾಯಾರಿಕೆಯ ಭಯದಲ್ಲಿ ಮರೆತುಹೋಗುವ ಸಂಗತಿ. ಈ ಪಟ್ಟಿಯ ಕೆಳಗೆ ನಾನು ಸಹಿ ಹಾಕಿದೆ. ನಿಲ್ಲುವ ನಿರ್ಧಾರವನ್ನು ದಣಿದ ತಲೆಗೆ ಬಿಡದೆ ಮನೆಯಲ್ಲೇ ಮಾಡಿಬಿಟ್ಟದ್ದು ನನ್ನ ಇಡೀ ಸಿದ್ಧತೆಯಲ್ಲಿ ಅತ್ಯಂತ ಬೆಲೆಯುಳ್ಳ ಕೆಲಸವೆಂದು ಈಗಲೂ ಭಾವಿಸುತ್ತೇನೆ.

ಹಲವು ದಿನಗಳ ಕಷ್ಟದಲ್ಲಿ ಮನಸ್ಸು ಹೇಗೆ ನಡೆದುಕೊಳ್ಳುತ್ತದೆ ಎಂಬುದು ನನಗೆ ಸ್ವಲ್ಪಮಟ್ಟಿಗೆ ಗೊತ್ತಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಮಾದಾಪುರದ ಕಡೆಯ ನಮ್ಮ ಬಂಧುಗಳು ಉಟ್ಟ ಬಟ್ಟೆಯಲ್ಲೇ ನಮ್ಮಲ್ಲಿಗೆ ಬಂದಿದ್ದರು. ವಿದ್ಯುತ್ತಿಲ್ಲ, ಫೋನಿಲ್ಲ, ಒಂದೇ ಮನೆಯಲ್ಲಿ ಹದಿನಾಲ್ಕು ಜನ. ಮೊದಲ ಎರಡು ದಿನ ಎಲ್ಲರೂ ಒಬ್ಬರಿಗೊಬ್ಬರು ಆಸರೆಯಾಗಿದ್ದೆವು. ಮೂರನೆಯ ದಿನ ಒಂದು ಲೋಟ ಕಾಫಿಯ ವಿಷಯಕ್ಕೆ ದೊಡ್ಡ ಜಗಳವಾಯಿತು. ಆಪತ್ತು ಎದುರಾದಾಗ ಬರುವ ಧೈರ್ಯ ಎರಡು ದಿನಕ್ಕೆ ಸಾಲುತ್ತದೆ, ಆಮೇಲೆ ಮನುಷ್ಯನನ್ನು ನಡೆಸುವುದು ಅಭ್ಯಾಸ. ಆದ್ದರಿಂದ ಬೇಸರವನ್ನೇ ಅಭ್ಯಾಸ ಮಾಡಲು ನಿರ್ಧರಿಸಿದೆ.

ನಮ್ಮ ಕಡೆ ಆನೆಯ ಕಾಟದಿಂದಾಗಿ ರಾತ್ರಿ ರಸ್ತೆಯಲ್ಲಿ ಓಡುವುದು ಸಾಧ್ಯವಿಲ್ಲ. ಮನೆಯ ಮುಂದಿನ ಸಿಮೆಂಟು ಕಣವೇ ನನ್ನ ಮರುಭೂಮಿಯಾಯಿತು. ಸುತ್ತಳತೆ ತೊಂಬತ್ತು ಮೀಟರು. ತಲೆದೀಪ ಕಟ್ಟಿ, ಎಂಟು ಕಿಲೋ ಗಂಟು ಹೊತ್ತು, ಸಂಜೆ ಏಳಕ್ಕೆ ಆರಂಭಿಸಿ ಬೆಳಗಿನ ಜಾವ ಮೂರರವರೆಗೆ ಸುತ್ತಿದೆ. ಹಾಡು ಹಾಕಿಕೊಳ್ಳಲಿಲ್ಲ. ಒಂದು ಬದಿಯಲ್ಲಿ ಒಣಗಲು ಹಾಕಿ ಟಾರ್ಪಾಲು ಮುಚ್ಚಿದ ಕಾಫಿಯ ರಾಶಿ, ಇನ್ನೊಂದು ಬದಿಯಲ್ಲಿ ನಾಯಿ. ಮೊದಲ ಗಂಟೆ ನನ್ನ ಹಿಂದೆಯೇ ಸುತ್ತಿದ ನಾಯಿ ಆಮೇಲೆ ಮಲಗಿ, ನಾನು ಹತ್ತಿರ ಬಂದಾಗ ಕಿವಿ ಮಾತ್ರ ಎತ್ತುತ್ತಿತ್ತು. ನೂರನೆಯ ಸುತ್ತಿನ ಹೊತ್ತಿಗೆ ಇದಕ್ಕೇನೂ ಅರ್ಥವಿಲ್ಲ ಎಂಬ ಮಾತು ಒಳಗಿನಿಂದ ಬಂದಿತು. ಇನ್ನೂರರ ಹೊತ್ತಿಗೆ ಕಾರಣವಿಲ್ಲದೆ ಅಳು ಬಂತು. ಅದಾದ ಮೇಲೆ ಏನೂ ಬರಲಿಲ್ಲ; ಕಾಲು ಇಡುವುದು, ಉಸಿರಾಡುವುದು, ತಿರುವಿನಲ್ಲಿ ತಿರುಗುವುದು, ಅಷ್ಟೇ. ಇಂಥ ರಾತ್ರಿಗಳನ್ನು ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಕ್ರಮದಲ್ಲಿ ಅದೇ ಸ್ಥಿತಿಗಳು ಬಂದವು. ದಾರಿಯ ಊರುಗಳ ಹೆಸರು ಗೊತ್ತಿದ್ದರೆ ಬಸ್ಸಿನ ಪ್ರಯಾಣ ಸಹನೀಯವಾಗುವ ಹಾಗೆ ಮುಂದೆ ಏನು ಬರುತ್ತದೆಂದು ತಿಳಿದಿದ್ದರಿಂದ ಭಯ ಕಡಿಮೆಯಾಯಿತು.

ಕೊಡಗಿನಲ್ಲಿ ಮರಳಿನ ದಿಬ್ಬಗಳಿಲ್ಲ. ತಲಕಾವೇರಿಯಲ್ಲಿ ಹುಟ್ಟಿದ ನಮ್ಮ ಹೊಳೆ ಮೈಸೂರು ದಾಟಿ ತಲಕಾಡಿನಲ್ಲಿ ಗುಡಿಗಳನ್ನೇ ಮುಚ್ಚುವಷ್ಟು ಮರಳು ಹಾಕಿದೆ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಅಲಮೇಲಮ್ಮನ ಶಾಪದ ಮಾತನ್ನು ಚಿಕ್ಕಂದಿನಿಂದ ಕೇಳಿದ್ದ ನನಗೆ ಆ ಮರಳು ಹೀಗೊಂದು ಉಪಕಾರ ಮಾಡೀತೆಂದು ತಿಳಿದಿರಲಿಲ್ಲ. ಫೆಬ್ರವರಿಯಲ್ಲಿ ಎರಡು ಸಲ ಅಲ್ಲಿಗೆ ಹೋಗಿ ನಡುಹಗಲಿನಲ್ಲಿ ಹತ್ತಿ ಇಳಿದೆ. ಹೆಜ್ಜೆ ಚಿಕ್ಕದಿರಬೇಕು, ಇಡೀ ಪಾದವನ್ನು ಚಪ್ಪಟೆಯಾಗಿ ಊರಬೇಕು, ಬೇರೆಯವರು ತುಳಿದು ಸಡಿಲವಾಗದ ಮರಳನ್ನು ಹುಡುಕಿಕೊಳ್ಳಬೇಕು ಎಂಬುದು ಅಲ್ಲಿ ತಿಳಿಯಿತು. ಶೂ ಒಳಗೆ ಮರಳು ಹೋದರೆ ಗುಳ್ಳೆ ಏಳುವುದು ಖಂಡಿತ ಎಂಬುದೂ ತಿಳಿಯಿತು. ಸೋಮವಾರಪೇಟೆಯಲ್ಲಿ ಕೊಡೆ ರಿಪೇರಿ ಮಾಡುವವರ ಬಳಿ ಕೊಡೆಯ ಬಟ್ಟೆ ತೆಗೆದುಕೊಂಡು ಶೂಗೆ ಮೊಣಕಾಲಿನವರೆಗಿನ ಗವಸು ಹೊಲಿಸಿದೆ. ಅವರು ಶೂ ಸುತ್ತಲೂ ವೆಲ್‌ಕ್ರೋ ಪಟ್ಟಿಯನ್ನು ಮೊದಲು ಅಂಟಿಸಿ, ಅದರ ಮೇಲೆ ಮೇಣ ತಿಕ್ಕಿದ ದಾರದಲ್ಲಿ ಒಂದೊಂದೇ ಹೊಲಿಗೆ ಹಾಕಿ, ಕೊನೆಗೆ ಒಳಗೆ ನೀರು ತುಂಬಿ ಎಲ್ಲಿ ಜಿನುಗುತ್ತದೆಂದು ನೋಡಿದರು. ಮಳೆಗಾಲದ ಊರಿನ ಪರೀಕ್ಷೆ ಅದು.

ಆಹಾರದ ವಿಷಯದಲ್ಲಿ ನಿಯಮ ಕಟ್ಟುನಿಟ್ಟು: ದಿನಕ್ಕೆ ಕನಿಷ್ಠ 2000 ಕ್ಯಾಲೊರಿ. ಏಲಕ್ಕಿ ತೂಗುವ ಸಣ್ಣ ತಕ್ಕಡಿಯನ್ನು ಅಡುಗೆಮನೆಗೆ ತಂದು ಅತ್ತೆ, ಮಗಳು ಮತ್ತು ನಾನು ಮೂರು ಸಂಜೆ ಕೂತೆವು. ರಾಗಿ ಹುರಿಹಿಟ್ಟು, ಗಟ್ಟಿ ಅವಲಕ್ಕಿ, ಶೇಂಗಾ, ಬೆಲ್ಲ, ತುಪ್ಪದಲ್ಲಿ ಹುರಿದ ಗೋಡಂಬಿ, ಉಪ್ಪಿನಕಾಯಿಯ ಒಣ ಹೋಳು. ಮಗಳು ಪರೀಕ್ಷೆಯ ಓದಿನ ನಡುವೆ ಲೆಕ್ಕ ಹಾಕಿದಳು. ಪರೀಕ್ಷೆ ಮುಗಿಯುವವರೆಗೆ ನಾನು ದೂರದ ಓಟಗಳನ್ನೆಲ್ಲ ಬೆಳಗಿನ ನಾಲ್ಕು ಗಂಟೆಗೆ, ಕಣದಲ್ಲೇ ಮುಗಿಸಿದೆ, ಅವಳು ಏಳುವ ಹೊತ್ತಿಗೆ ಮನೆಯಲ್ಲಿರಬೇಕೆಂದು. ಅದನ್ನು ಅವಳು ಕೇಳಿರಲಿಲ್ಲ. ಅವಳ ಕೊನೆಯ ಪತ್ರಿಕೆಯ ದಿನ, ‘ಅಮ್ಮಾ, ಇನ್ನು ನಿನ್ನ ಪರೀಕ್ಷೆ’ ಎಂದಳು.

ಹೊರಡುವ ಹಿಂದಿನ ದಿನ ಅಕ್ಕನ ಕೈಗೆ ಉಗ್ರಾಣದ ಬೀಗದ ಕೈ ಮತ್ತು ಟಾರ್ಪಾಲುಗಳ ಲೆಕ್ಕ ಕೊಟ್ಟೆ. ಅತ್ತೆ ಬಾಗಿಲಲ್ಲಿ ನಿಂತು, ಗೆದ್ದು ಬಾ ಎನ್ನಲಿಲ್ಲ, ಹುಷಾರು ಎನ್ನಲಿಲ್ಲ. ‘ಹೊತ್ತು ಹೊತ್ತಿಗೆ ಉಪ್ಪು ತಿನ್ನಮ್ಮ’ ಎಂದರು.

ಓಟದ ದಿನಗಳಲ್ಲಿ ಮನೆಯವರು ಕಳಿಸಿದ ಸಂದೇಶಗಳನ್ನು ಸಂಘಟಕರು ಕಾಗದದ ಮೇಲೆ ಮುದ್ರಿಸಿ ಸಂಜೆ ಡೇರೆಗೆ ತಂದುಕೊಡುತ್ತಾರೆ. ಮೂರನೆಯ ದಿನ, ನಾನು ನಿರೀಕ್ಷಿಸಿದ್ದಂತೆಯೇ, ಮನಸ್ಸು ಕುಸಿದಿತ್ತು. ಡೇರೆಯಲ್ಲಿ ಯಾರೊಂದಿಗೂ ಮಾತು ಬೇಡವಾಗಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮಗಳ ಕನ್ನಡವನ್ನು ತಲೆದೀಪದ ಬೆಳಕಿನಲ್ಲಿ ಓದಿದೆ. ‘ನಿನ್ನೆ ರಾತ್ರಿ ಒಂದು ಇಂಚಿನ ಮೇಲೆ ಮಳೆ. ಗುಡುಗು ಕೇಳಿದ ಕೂಡಲೇ ಪಕ್ಕದ ತೋಟದ ಅತ್ತೆ, ಮಾವ ಇಬ್ಬರೂ ಬೇಲಿಯಿಂದ ಓಡಿಬಂದರು. ಮೆಣಸು ಒಂದು ಕಾಳೂ ನೆನೆದಿಲ್ಲ. ಅಜ್ಜಿ ಉಪ್ಪು ತಿಂದೆಯಾ ಎಂದು ಕೇಳುತ್ತಿದ್ದಾರೆ.’ ಎರಡು ಸಲ ಓದಿ, ಕಾಗದವನ್ನು ಮಡಿಸಿ ಅವಲಕ್ಕಿಯ ಪೊಟ್ಟಣದೊಳಗೆ ಇಟ್ಟುಕೊಂಡು, ಉಪ್ಪಿನ ಮಾತ್ರೆಯೊಂದನ್ನು ನೀರಿನ ಜೊತೆ ನುಂಗಿ ಮಲಗಿದೆ.